ಶಸ್ತ್ರಚಿಕಿತ್ಸೆಗೆ ಮುನ್ನ ಹಿರಿಯರ ಮದ್ಯದ ಲೆಕ್ಕ ಕೇಳುವುದು ಹೇಗೆ?

ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ಮಡಿಕೇರಿಯ ಆಸ್ಪತ್ರೆಗೆ ಕರೆತಂದಾಗ ಸಕ್ಕರೆ, ರಕ್ತದೊತ್ತಡ, ಹೃದಯದ ಪರೀಕ್ಷೆಗಳು ತಪ್ಪದೆ ನಡೆಯುತ್ತವೆ. ಮದ್ಯದ ವಿಚಾರ ಮಾತ್ರ ‘ಸ್ವಲ್ಪ ತಗೊಳ್ತೀನಿ’ ಎಂಬ ಒಂದೇ ಮಾತಿಗೆ ಮುಗಿದುಹೋಗುವುದುಂಟು. ಮದುವೆ, ಹಬ್ಬಗಳಲ್ಲಿ ಮದ್ಯಕ್ಕೆ ಮರೆಯಿಲ್ಲದ ಕೊಡಗಿನಲ್ಲಿ ಸಂಕೋಚಕ್ಕಿಂತ ದೊಡ್ಡ ತೊಡಕು ಈ ‘ಸ್ವಲ್ಪ’ದ ಅಳತೆಯೇ.

ಆದ್ದರಿಂದ ಅಳತೆಯಿಂದಲೇ ಆರಂಭಿಸಬೇಕು. 30 ಮಿ.ಲೀ. ವಿಸ್ಕಿ ಅಥವಾ ರಮ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದು ಒಂದು ಪ್ರಮಾಣ. ನಿವೃತ್ತ ಸೈನಿಕರೊಬ್ಬರು ಕ್ಯಾಂಟೀನ್ ರಮ್ಮನ್ನು ಕಣ್ಣಳತೆಯಲ್ಲಿ ಸುರಿದುಕೊಳ್ಳುವ ‘ಒಂದು ಪೆಗ್’ ಮೂರು ಪ್ರಮಾಣವೂ ಆಗಿರಬಹುದು. ಅದೇ ಲೋಟಕ್ಕೆ ನೀರು ಹಾಕಿ ಅಳೆಯುವುದು ಉತ್ತಮ. ಮನೆಯಲ್ಲಿ ಮಾಡಿದ ವೈನನ್ನು ಅನೇಕರು ಮದ್ಯವೆಂದೇ ಎಣಿಸದ ಕಾರಣ ಅದನ್ನು ಬೇರೆಯಾಗಿ, ಹೆಂಗಸರನ್ನೂ ಸೇರಿಸಿ, ಕೇಳಬೇಕು.

ಬಳಿಕ ಮೊಮ್ಮಕ್ಕಳನ್ನೂ ನೆಂಟರನ್ನೂ ಹೊರಗೆ ಕಳುಹಿಸಿ ಮದ್ಯಸೇವನೆಯ ಅಪಾಯವನ್ನು ಅಂದಾಜಿಸುವ ಕಿರು ಪ್ರಶ್ನಾವಳಿ ‘ಆಡಿಟ್-ಸಿ’ಯ ಮೂರು ಪ್ರಶ್ನೆ ಕೇಳಬೇಕು: ಎಷ್ಟು ಬಾರಿ ಕುಡಿಯುತ್ತೀರಿ, ಕುಡಿದ ದಿನ ಎಷ್ಟು ಪ್ರಮಾಣ, ಒಂದೇ ಕೂಟದಲ್ಲಿ ಆರು ಅಥವಾ ಹೆಚ್ಚು ಪ್ರಮಾಣ ಎಷ್ಟು ಸಲ. ಪ್ರತಿ ಉತ್ತರಕ್ಕೆ 0ರಿಂದ 4 ಅಂಕ. ಒಟ್ಟು 12ರಲ್ಲಿ ಗಂಡಸರಿಗೆ 4, ಹೆಂಗಸರಿಗೆ 3 ಅಥವಾ ಹೆಚ್ಚು ಬಂದರೆ ವಿವರವಾದ ವಿಚಾರಣೆ ಅಗತ್ಯ. ವಯಸ್ಸಾದಂತೆ ದೇಹದ ನೀರಿನಂಶ ಕುಗ್ಗುವುದರಿಂದ ಹಳೆಯ ಅಳತೆಯೇ ಈಗ ರಕ್ತದಲ್ಲಿ ಹೆಚ್ಚು ಮದ್ಯವನ್ನು ಉಳಿಸುತ್ತದೆ. ನಿದ್ರೆ ಮಾತ್ರೆಯ ವಿಚಾರವನ್ನೂ ಆಗಲೇ ಕೇಳಿಬಿಡಬೇಕು.

ನನ್ನ ದೃಷ್ಟಿಯಲ್ಲಿ ಅಂಕಕ್ಕಿಂತ ಮುಖ್ಯವಾದುದು ಕೊನೆಯ ಬಾರಿ ಕುಡಿದ ಗಂಟೆ. ನಿತ್ಯ ಕುಡಿಯುವವರಲ್ಲಿ ಮದ್ಯ ನಿಂತ 6ರಿಂದ 24 ಗಂಟೆಯೊಳಗೆ ನಡುಕ, ಬೆವರು ತೋರಬಹುದು. 2–3 ದಿನಗಳಲ್ಲಿ ತೀವ್ರ ಸನ್ನಿ ಕಾಣಿಸಿಕೊಳ್ಳಬಹುದು. ಶಸ್ತ್ರಚಿಕಿತ್ಸೆಯ ಮರುದಿನ ಅಜ್ಜ ಗೊಂದಲದ ಮಾತಾಡಿದರೆ ವಯಸ್ಸಿನ ದೋಷವೆಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ.

ದಿನ ನಿಗದಿಯಾಗಿರುವ ಶಸ್ತ್ರಚಿಕಿತ್ಸೆಯಾದರೆ ಸುಮಾರು ನಾಲ್ಕು ವಾರ ಮುಂಚೆ ಬಿಡುವುದರಿಂದ ತೊಡಕುಗಳು ತಗ್ಗುತ್ತವೆ. ಆದರೆ ನಿತ್ಯ ಹೆಚ್ಚು ಕುಡಿಯುವವರು ವೈದ್ಯರ ನಿಗಾ ಇಲ್ಲದೆ ಥಟ್ಟನೆ ನಿಲ್ಲಿಸಿದರೆ ಅಪಸ್ಮಾರದ ಸೆಳೆತವೂ ಬರಬಹುದು. ಮುರಿದ ಮೂಳೆಗೆ ಕಾಯುವ ಅವಕಾಶವಿಲ್ಲದಿರುವುದರಿಂದ ಲೋಟದ ಅಳತೆ, ಅಂಕ, ಕೊನೆಯ ಗುಟುಕಿನ ಗಂಟೆ ಇವಿಷ್ಟನ್ನೂ ಕೇಸ್ ಶೀಟಿನಲ್ಲಿ ಬರೆಸಿ, ಅರಿವಳಿಕೆ ತಜ್ಞರಿಗೆ ಬಾಯಿಮಾತಿನಲ್ಲಿಯೂ ತಿಳಿಸಬೇಕು.