ವೈನ್‌ಗೆ ಟಾರ್ಟಾರಿಕ್ ಆಸಿಡ್: ಯಾವಾಗ, ಎಷ್ಟು ಹಾಕುತ್ತೇನೆ

ನಂದಿ ಬೆಟ್ಟದ ಕಡೆಯ ಒಂದು ಸಣ್ಣ ವೈನರಿಯಲ್ಲಿ ಟ್ಯಾಂಕ್, ಲ್ಯಾಬ್ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಹೊಸದಾಗಿ ಬಂದವರು ಮೊದಲು ಯೀಸ್ಟ್ ಬಗ್ಗೆ ಕೇಳುತ್ತಾರೆ. ನಾನು ಹುಳಿಯಿಂದ ಶುರು ಮಾಡುತ್ತೇನೆ.

ದ್ರಾಕ್ಷಿಯಲ್ಲಿ ಮುಖ್ಯವಾಗಿ ಇರುವುದು ಟಾರ್ಟಾರಿಕ್, ಮಾಲಿಕ್ ಅನ್ನೋ ಎರಡು ಆಸಿಡ್. ನಮ್ಮಲ್ಲಿ ಹಣ್ಣು ಬಲಿಯುವುದು ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲಿ. ಆ ಸೆಕೆಗೆ ಮಾಲಿಕ್ ಬೇಗ ಕಡಿಮೆಯಾಗುತ್ತದೆ, ಟಾರ್ಟಾರಿಕ್ ಮಾತ್ರ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಅದಕ್ಕೇ ಶಿರಾಜ್ ಅನ್ನೋ ಕೆಂಪು ವೈನ್ ದ್ರಾಕ್ಷಿಗೆ 24 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ) ಸಕ್ಕರೆ ಬರುವ ಹೊತ್ತಿಗೆ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) 3.8 ಮುಟ್ಟಿರುವುದೂ ಉಂಟು. ನನಗೆ ಬೇಕಾದದ್ದು 3.5ರ ಆಸುಪಾಸು. ಇದು ಬರೀ ರುಚಿಯ ವಿಷಯ ಅಲ್ಲ. 3.5ರಲ್ಲಿ ಸಾಕಾಗುವ, ವೈನ್ ಕೆಡದಂತೆ ಹಾಕುವ ಸಲ್ಫರ್ ಡೈಆಕ್ಸೈಡ್‌ನ ಸುಮಾರು ಎರಡು ಪಟ್ಟು 3.8ರಲ್ಲಿ ಬೇಕಾಗುತ್ತದೆ, ಮೇಲಾಗಿ ಕೆಂಪು ಬಣ್ಣವೂ ಮಂಕಾಗುತ್ತದೆ.

ನಾಲಿಗೆಯನ್ನು ನಂಬಿ ಆಸಿಡ್ ಹಾಕಬೇಡಿ, ಸಕ್ಕರೆ ಹುಳಿಯನ್ನು ಮುಚ್ಚಿಬಿಡುತ್ತದೆ. 10 ಮಿಲಿ ರಸಕ್ಕೆ ನೀರು ಬೆರೆಸಿ, 0.1 ನಾರ್ಮಲ್ (ದ್ರಾವಣ ಎಷ್ಟು ಗಾಢ ಅನ್ನೋ ಅಳತೆ) ಸೋಡಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತಾ ಪಿಎಚ್ 8.2 ಬಂದಾಗ ನಿಲ್ಲಿಸುತ್ತೇನೆ. ಖರ್ಚಾದ ಮಿಲಿಯನ್ನು 0.75ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಆಸಿಡ್ ಇದೆ ಅಂತ ಸಿಗುತ್ತದೆ, ಟಾರ್ಟಾರಿಕ್ ಲೆಕ್ಕದಲ್ಲಿ. ಲೀಟರಿಗೆ 1 ಗ್ರಾಂ ಹಾಕಿದರೆ ಪಿಎಚ್ ಸುಮಾರು 0.1 ಇಳಿಯುತ್ತದೆ, ಆದರೆ ಪೊಟ್ಯಾಸಿಯಂ ಜಾಸ್ತಿ ಇರುವ ರಸ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಆದ್ದರಿಂದ ಮೊದಲು ಒಂದು ಲೀಟರ್ ತೆಗೆದು ಅದರಲ್ಲೇ ನೋಡುತ್ತೇನೆ. ಹಾಕುವುದು ಯೀಸ್ಟ್‌ಗಿಂತ ಮೊದಲೇ. ಕೊನೆಗೆ ಹಾಕಿದ ಹುಳಿ ವೈನ್‌ನಲ್ಲಿ ಬೆರೆಯದೆ ಬೇರೆಯಾಗಿಯೇ ನಿಂತ ಹಾಗೆ ಅನಿಸುತ್ತದೆ.

ನಿಂಬೆಹುಳಿ ಅಗ್ಗ ಅಲ್ವಾ ಅಂತ ಕೇಳುತ್ತಾರೆ. ಸಿಟ್ರಿಕ್ ಆಸಿಡ್ ಅನ್ನು ಬ್ಯಾಕ್ಟೀರಿಯಾ ತಿಂದು ವಿನೆಗರ್‌ನ ಹುಳಿ ಮಾಡಬಲ್ಲದು, ನಾನು ಬಳಸುವುದಿಲ್ಲ. ಹುಣಸೆಹಣ್ಣಿನಲ್ಲಿರುವುದೂ ಮುಖ್ಯವಾಗಿ ಟಾರ್ಟಾರಿಕ್ಕೇ, ಆದರೆ ಜೊತೆಗೆ ಪೆಕ್ಟಿನ್, ಬಣ್ಣ, ವಾಸನೆ ಎಲ್ಲಾ ಬರುತ್ತದೆ.

ಕೊಳ್ಳುವಾಗ ಚೀಟಿ ಓದಿ. 1848ರಲ್ಲಿ ಲೂಯಿ ಪಾಶ್ಚರ್ ಇದೇ ಆಸಿಡ್‌ನ ಒಂದು ಲವಣದ ಹರಳುಗಳನ್ನು ಒಂದೊಂದಾಗಿ ಆರಿಸಿ, ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ಬಗೆ ಅಂತ ತೋರಿಸಿದರು. ನನಗೆ ಇಡೀ ರಸಾಯನಶಾಸ್ತ್ರದಲ್ಲೇ ತುಂಬಾ ಇಷ್ಟವಾದ ಕೆಲಸ ಅದು. ದ್ರಾಕ್ಷಿಯಲ್ಲಿ ಇರುವುದು ಒಂದೇ ಬಗೆ, ಎಲ್-ಪ್ಲಸ್. ಡಿಎಲ್ ಅಂತ ಬರೆದಿದ್ದರೆ ಎರಡೂ ಬೆರೆತಿವೆ ಅಂತ ಅರ್ಥ. ಆ ಮಿಶ್ರಣ ವೈನ್‌ನ ಕ್ಯಾಲ್ಸಿಯಂ ಜೊತೆ ಸೇರಿ ಬಾಟಲಿಯೊಳಗೆ ಹರಳುಗಟ್ಟುತ್ತದೆ. ಫುಡ್ ಗ್ರೇಡ್ ಎಲ್-ಪ್ಲಸ್ ಮಾತ್ರ ತರಿಸಿ.

ಬಾಟಲಿ ತುಂಬುವ ಮೊದಲು ಟ್ಯಾಂಕನ್ನು ಸೊನ್ನೆಗಿಂತ ಕೆಳಗೆ, ಮೈನಸ್ 4 ಡಿಗ್ರಿಯ ಹತ್ತಿರ, ಕೆಲವು ದಿನ ಇಡುತ್ತೇವೆ. ಟಾರ್ಟಾರಿಕ್, ಪೊಟ್ಯಾಸಿಯಂ ಜೊತೆ ಸೇರಿ ಟ್ಯಾಂಕಿನ ಗೋಡೆಗೆ ಗಟ್ಟಿಯಾಗಿ ಕೂರುತ್ತದೆ. ಇದನ್ನೇ ಶುದ್ಧ ಮಾಡಿದರೆ ಬೇಕರಿಯವರ ಕ್ರೀಮ್ ಆಫ್ ಟಾರ್ಟರ್. ಪಿಎಚ್ ಸುಮಾರು 3.65ಕ್ಕಿಂತ ಕೆಳಗಿದ್ದರೆ ಈ ಹರಳು ಇಳಿದಾಗ ಪಿಎಚ್ ಇನ್ನೂ ಇಳಿಯುತ್ತದೆ, ಮೇಲಿದ್ದರೆ ಏರುತ್ತದೆ. ಶುರುವಿನಲ್ಲೇ 3.5ಕ್ಕೆ ತರಬೇಕು ಅಂತ ನಾನು ಹಠ ಹಿಡಿಯುವುದಕ್ಕೆ ಇದೂ ಕಾರಣ.

ಹೀಗೆ ಮಾಡದ ವೈನನ್ನು ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಮಿನುಗುವ ಕಣಗಳು ಕಾಣಬಹುದು. ಗಾಜಿನ ಚೂರು ಅಂತ ಅನುಮಾನ ಬಂದರೆ ನಾಲ್ಕು ಕಣ ತೆಗೆದು ಒಂದು ಲೋಟ ಕುದಿವ ನೀರಿಗೆ ಹಾಕಿ. ಟಾರ್ಟರ್ ಕರಗುತ್ತದೆ, ಗಾಜು ಕರಗಲ್ಲ.