ರಣಜಿ ಕಾರ್ಡ್ ಬೇಟೆ: ನೂರು ವರ್ಷ ದಾಟಿದ ಸಿಗರೇಟ್ ಕಾರ್ಡ್ ಹುಡುಕೋದು ಹೇಗೆ

ರಣಜಿ ಅಂದ್ರೆ ನಮಗೆಲ್ಲ ಟ್ರೋಫಿ. ಚಿನ್ನಸ್ವಾಮಿಯ ಖಾಲಿ ಸ್ಟ್ಯಾಂಡಲ್ಲಿ ಕೂತು ಕರ್ನಾಟಕದ ಮ್ಯಾಚ್ ನೋಡ್ಕೊಂಡು ಬೆಳೆದೋನು ನಾನು, ಆದ್ರೆ ಆ ಹೆಸರಿನ ಹಿಂದಿರೋ ಮನುಷ್ಯನ ಮುಖ ಮೊದಲು ಸರಿಯಾಗಿ ನೋಡಿದ್ದು ಒಂದು ಸಿಗರೇಟ್ ಕಾರ್ಡಿನ ಸ್ಕ್ಯಾನಲ್ಲಿ. 1901ರಲ್ಲಿ ಇಂಗ್ಲೆಂಡಿನ ವಿಲ್ಸ್ ಕಂಪನಿ ಸಿಗರೇಟ್ ಪ್ಯಾಕ್ ಒಳಗೆ ಹಾಕ್ತಿದ್ದ ಬಣ್ಣದ ಕಾರ್ಡ್ ಅದು, ಬೆಂಕಿಪೊಟ್ಟಣಕ್ಕಿಂತ ಒಂಚೂರು ಉದ್ದ ಅಷ್ಟೇ. ಅದು ನನ್ನ ಕೈಗೆ ಬರೋಕೆ ಏಳು ವರ್ಷ ಹಿಡೀತು. ಆ ಏಳು ವರ್ಷದಲ್ಲಿ ಕಲಿತಿದ್ದನ್ನ ಇಲ್ಲಿ ಬರೀತಿದೀನಿ, ಹೊಸದಾಗಿ ಶುರು ಮಾಡೋರಿಗೆ ಅಷ್ಟು ಟೈಮ್ ಬೇಕಾಗಲ್ಲ.

ಮೊದಲು ಮಾಡ್ಬೇಕಾದ ಕೆಲಸ, "ರಣಜಿ ಕಾರ್ಡ್ ಬೇಕು" ಅನ್ನೋದನ್ನ ಬಿಟ್ಟು ಯಾವ ರಣಜಿ ಕಾರ್ಡ್ ಬೇಕು ಅಂತ ಒಂದು ಚೀಟೀಲಿ ಬರ್ಕೊಳೋದು. ರಣಜಿತ್‌ಸಿಂಹಜಿ 1896ರಲ್ಲಿ ಓಲ್ಡ್ ಟ್ರಾಫರ್ಡಲ್ಲಿ ಮೊದಲ ಟೆಸ್ಟ್ ಆಡಿ 62 ಮತ್ತು ಔಟಾಗದೆ 154 ಹೊಡೆದ್ರು, 1899ರಲ್ಲಿ ಒಂದೇ ಸೀಸನ್ನಲ್ಲಿ ಮೂರು ಸಾವಿರ ರನ್ ದಾಟಿದ ಮೊದಲ ಬ್ಯಾಟ್ಸ್‌ಮನ್ ಆದ್ರು, ಇಂಗ್ಲೆಂಡಿನ ಸಸೆಕ್ಸ್ ಕೌಂಟಿ ತಂಡದ ಕ್ಯಾಪ್ಟನ್ ಬೇರೆ. ಅಂಥೋರ ಚಿತ್ರ ಹಾಕಿದ್ರೆ ಸಿಗರೇಟ್ ಮಾರಾಟ ಆಗತ್ತೆ ಅಂತ ಎಲ್ಲ ಕಂಪನಿಗಳಿಗೂ ಗೊತ್ತಿತ್ತು. ಅದೂ ಅಲ್ದೆ 1901ರಲ್ಲಿ ಅಮೆರಿಕದ ತಂಬಾಕು ದೊರೆ ಡ್ಯೂಕ್ ಲಿವರ್‌ಪೂಲಿನ ಆಗ್ಡನ್ಸ್ ಕಂಪನೀನ ಕೊಂಡ್ಕೊಂಡ, ಅದಕ್ಕೆ ಎದುರಾಗಿ ವಿಲ್ಸ್, ಪ್ಲೇಯರ್ಸ್ ಎಲ್ಲ ಸೇರಿ 13 ಬ್ರಿಟಿಷ್ ಕಂಪನಿಗಳು ಇಂಪೀರಿಯಲ್ ಟೊಬ್ಯಾಕೊ ಅಂತ ಒಂದಾದ್ವು. ಆ ಜಗಳದಲ್ಲಿ ಗಿರಾಕೀನ ಎಳೆಯೋಕೆ ಕಾರ್ಡುಗಳ ಸುರಿಮಳೆ ಆಯ್ತು. ಹಂಗಾಗಿ ಆ ಕಾಲದ ರಣಜಿ ಕಾರ್ಡ್ ಒಂದಲ್ಲ, ಬೇಕಾದಷ್ಟಿವೆ: ವಿಲ್ಸ್‌ದು ಬಣ್ಣದ ಲಿಥೋ (ಕಲ್ಲಚ್ಚು) ಪ್ರಿಂಟ್, ಆಗ್ಡನ್ಸ್ ಕಂಪನಿಯ ಗಿನಿ ಗೋಲ್ಡ್ ಅನ್ನೋ ಸಿಗರೇಟ್ ಬ್ರ್ಯಾಂಡಿನ ಕಾರ್ಡು ನಿಜವಾದ ಫೋಟೋ.

ಇನ್ನೊಂದು ತೊಡಕು, ವಿಲ್ಸ್‌ನ 1901ರ ಸೆಟ್ಟಲ್ಲೇ ಎರಡು ಥರ ಇದೆ, ಮುಂದಗಡೆ ಆಟಗಾರನ ಹಿನ್ನೆಲೇಲಿ ಚಿತ್ರ ಇರೋದು 50 ಕಾರ್ಡು, ಚಿತ್ರ ಇಲ್ದೇ ಇರೋದು 25. ಮಾರೋರು ಎಷ್ಟೋ ಸಲ ಇದನ್ನ ಹೇಳೋದೇ ಇಲ್ಲ, ಅವರಿಗೂ ಗೊತ್ತಿರಲ್ಲ. ಇಷ್ಟಕ್ಕೇ ನಿಲ್ಲಿಸ್ಬೇಡಿ, ಮುಖ ನೋಡಿ ಮರುಳಾಗದೆ ಕಾರ್ಡಿನ ಬೆನ್ನೂ ನೋಡಿ. ಯಾವ ಕಂಪನಿ, ಯಾವ ಸೀರೀಸ್, ಯಾವ ನಂಬರ್, ಹೆಚ್ಚಾಗಿ ಬೆನ್ನೇ ಹೇಳತ್ತೆ. ಬೆನ್ನಿನ ಫೋಟೋ ಹಾಕದೇ ಇರೋ ಲಿಸ್ಟಿಂಗಿಗೆ ನಾನು ದುಡ್ಡು ಹಾಕೋದೇ ಬಿಟ್ಟಿದೀನಿ, ಕೇಳಿದ್ರೆ ಕಳಿಸ್ತಾರೆ, ಕಳಿಸಲ್ಲ ಅಂದ್ರೆ ಮುಂದಕ್ಕೆ ಹೋಗಿ. ಗಿನಿ ಗೋಲ್ಡ್ ಮಾತ್ರ ಬೇರೆ, ಅದರ ಹೆಸರು ಮುಂದಗಡೆ ಫೋಟೋ ಕೆಳಗೇನೇ ಇರತ್ತೆ.

ಅಸಲಿ ಹೇಗಿರತ್ತೆ ಅಂತ ಕಣ್ಣಿಗೆ ಅಭ್ಯಾಸ ಆಗೋಕೆ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಜಾರ್ಜ್ ಅರೆಂಟ್ಸ್ ಸಂಗ್ರಹದ ಸ್ಕ್ಯಾನುಗಳನ್ನ ನೋಡಿ, ಫ್ರೀ ಇದೆ, ರಾತ್ರಿಯೆಲ್ಲ ನೋಡ್ತಾ ಕೂರಬಹುದು. ಬರೀ ಸ್ಕ್ಯಾನ್ ಸಾಲಲ್ಲ ಆದ್ರೆ. ದೊಡ್ಡ ಕಾರ್ಡಿಗೆ ಕೈ ಹಾಕೋ ಮುಂಚೆ ಅಗ್ಗದ ಅಸಲಿ ಕಾರ್ಡ್ ನಾಲ್ಕೈದು ಕೊಂಡ್ಕೊಳಿ. ರಣಜಿ ಸೋದರನ ಮಗ ದುಲೀಪ್ ಪ್ಲೇಯರ್ಸ್‌ನ 1930ರ ಸೆಟ್ಟಲ್ಲಿದಾರೆ, ಅದೇ ವರ್ಷ ಲಾರ್ಡ್ಸಲ್ಲಿ ಆಸ್ಟ್ರೇಲಿಯಾ ಮೇಲೆ 173 ಹೊಡೆದೋರು ಅವರು. ಸೀನಿಯರ್ ಪಟೌಡಿ 1934ರ ಸೆಟ್ಟಲ್ಲಿದಾರೆ. ಇವು ಲಕ್ಷಗಟ್ಲೆ ಪ್ರಿಂಟಾದ ಕಾರ್ಡುಗಳು, ಬಿಡಿಯಾಗಿ ಕೆಲವೇ ಪೌಂಡಿಗೆ ಸಿಗತ್ತೆ. ಅವನ್ನ ಕೈಯಲ್ಲಿ ಹಿಡ್ಕೊಂಡು ದಪ್ಪ, ಅಂಚು, ಶಾಯಿ ಕೂತಿರೋ ರೀತಿ ನೋಡಿದ ಮೇಲೆ ನಕಲಿ ಮುಂದೆ ಬಂದಾಗ ಏನೋ ಸರಿಯಿಲ್ಲ ಅಂತ ಬೆರಳಿಗೇ ಗೊತ್ತಾಗತ್ತೆ.

ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋ ಮಾತು ಈ ಲೋಕಕ್ಕೆ ಚೆನ್ನಾಗಿ ಒಪ್ಪತ್ತೆ. ಹಳೇ ಕ್ರಿಕೆಟ್ ಸೆಟ್ಟುಗಳಿಗೆ ರೀಪ್ರಿಂಟ್ ಬಂದಿವೆ, ಅದರಲ್ಲಿ ಮೋಸ ಏನಿಲ್ಲ, ರೀಪ್ರಿಂಟ್ ಅಂತಾನೇ ಮಾರೋರು ಮಾರ್ತಾರೆ. ಕಷ್ಟ ಆಗೋದು ಅದು ನಾಲ್ಕು ಕೈ ದಾಟಿದ ಮೇಲೆ. ನನ್ನ ಮೂರನೇ ವರ್ಷದಲ್ಲಿ ಒಬ್ಬ ಆನ್‌ಲೈನ್ ಮಾರಾಟಗಾರ "ಅಜ್ಜನ ಪೆಟ್ಟಿಗೇಲಿ ಸಿಕ್ಕಿದ್ದು" ಅಂತ ರಣಜಿ ಕಾರ್ಡ್ ಕಳಿಸಿದ, ಕವರ್ ಒಡೆದಾಗ ಕಣ್ಣಲ್ಲಿ ನೀರು ಬಂದಿತ್ತು ನನಗೆ, ಮೂರು ದಿನ ಆದ್ಮೇಲೆ ಲೂಪಲ್ಲಿ, ಅಂದ್ರೆ ಪುಟ್ಟ ಭೂತಗನ್ನಡೀಲಿ ನೋಡಿದೆ, ಪೂರ್ತಿ ಮುಖ ಸಣ್ಣ ಸಣ್ಣ ಹೂವಿನ ಥರ ಚುಕ್ಕಿ, ಇವತ್ತಿನ ಆಫ್‌ಸೆಟ್ ಪ್ರಿಂಟ್ ಅದು. ಆ ನೋವು ಇನ್ನೂ ಹೋಗಿಲ್ಲ, ಅದಕ್ಕೇ ಈ ಭಾಗ ಉದ್ದ ಬರೀತಿದೀನಿ.

ಹತ್ತು ಪಟ್ಟು ತೋರಿಸೋ ಲೂಪ್ ಒಂದು ತಗೊಳಿ, ಒಡವೆ ಅಂಗಡಿಯವರು ಬಳಸ್ತಾರಲ್ಲ ಅದೇ. ಹಳೇ ಬಣ್ಣದ ಲಿಥೋ ಕಾರ್ಡಲ್ಲಿ ಬಣ್ಣದ ಚುಕ್ಕಿಗಳು ಅಡ್ಡಾದಿಡ್ಡಿ ಇರತ್ವೆ, ಕೈಯಲ್ಲಿ ಇಟ್ಟ ಹಾಗೆ, ಅಕ್ಷರದ ಗೆರೆ ಗಟ್ಟಿಯಾಗಿ ಒಂದೇ ಬಣ್ಣದಲ್ಲಿ ತುಂಬಿರತ್ತೆ. ಈಗಿನ ಪ್ರಿಂಟಲ್ಲಿ ನಾಲ್ಕು ಬಣ್ಣದ ಚುಕ್ಕಿ ಸಾಲಾಗಿ ಲೆಕ್ಕ ಹಾಕಿದ ಹಾಗೆ ಕೂತು ಹೂವಿನ ಆಕಾರ ಮಾಡತ್ವೆ, ಅಕ್ಷರದ ಅಂಚೂ ಎಷ್ಟೋ ಸಲ ಚುಕ್ಕಿ ಚುಕ್ಕಿ. ಗಿನಿ ಗೋಲ್ಡ್ ಫೋಟೋ ಆಗಿರೋದ್ರಿಂದ ಅದರ ಚಿತ್ರದಲ್ಲಿ ಪ್ರಿಂಟಿನ ಚುಕ್ಕಿ ಇರಲೇಬಾರದು, ಇದ್ರೆ ವಾಪಸ್ ಕಳಿಸಿ.

ಆಮೇಲೆ ಒಂದು ಯುವಿ ಟಾರ್ಚ್, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಅಗ್ಗಕ್ಕೆ ಸಿಗತ್ತೆ. ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸೋ ಹೊಳಪಿನ ಕೆಮಿಕಲ್ ಬಂದಿದ್ದು ಸುಮಾರು 1950ರ ಆಸುಪಾಸಲ್ಲಿ, ಹಂಗಾಗಿ ಕತ್ತಲೆ ರೂಮಲ್ಲಿ ಟಾರ್ಚ್ ಹಾಕಿದಾಗ ಕಾರ್ಡು ಹೊಸ ಬಿಳಿ ಶರ್ಟಿನ ಥರ ನೀಲಿಯಾಗಿ ಹೊಳೆದ್ರೆ ಅದು 1901ರ ಕಾಗದ ಅಲ್ಲ. ಹೊಳೀದೇ ಇದ್ರೆ ಅಸಲಿ ಅಂತ ಗ್ಯಾರಂಟಿ ಏನಿಲ್ಲ, ಹಳೇ ಕಾಗದದ ಮೇಲೂ ಹೊಸ ಪ್ರಿಂಟ್ ಹಾಕಬಹುದು, ಎರಡೂ ಪರೀಕ್ಷೆ ಒಟ್ಟಿಗೆ ಮಾಡ್ಬೇಕು. ಕೊನೆಗೆ ಸ್ಕೇಲ್ ಇಟ್ಟು ಅಳೀರಿ, ಮಾಮೂಲಿ ವಿಲ್ಸ್ ಕಾರ್ಡು ಸುಮಾರು 68 ಮಿಲಿಮೀಟರ್ ಉದ್ದ 36 ಅಗಲ, ಎರಡು ಮಿಲಿಮೀಟರ್ ಕಮ್ಮಿ ಇದ್ರೆ ಸವೆದ ಮೂಲೆ ಮುಚ್ಚೋಕೆ ಯಾರೋ ಅಂಚು ಕತ್ತರಿಸಿರಬಹುದು.

ಎಲ್ಲಿ ಹುಡುಕೋದು? ಅವೆನ್ಯೂ ರೋಡು, ಸಂಡೇ ಬಜಾರು ಎಲ್ಲ ನಾನು ಸುತ್ತಿದೀನಿ, ಕಂಟೋನ್ಮೆಂಟಲ್ಲಿ ಅಷ್ಟು ವರ್ಷ ಸೋಲ್ಜರುಗಳಿದ್ದ ಊರು ನಮ್ದು, ಏನಾದ್ರೂ ಸಿಗಬಹುದು ಅಂತ. ಕಾರ್ನಾಪೆಕ್ಸ್ ಥರದ ಸ್ಟಾಂಪ್ ಪ್ರದರ್ಶನಗಳಿಗೆ ಬರೋ ಡೀಲರುಗಳ ಹತ್ರ ಕೇಳಿದ್ದೂ ಇದೆ. ಬೆಂಕಿಪೊಟ್ಟಣದ ಲೇಬಲ್ ಬೇಕಾದಷ್ಟು ಸಿಕ್ತು, ರಣಜಿ ಸಿಗಲಿಲ್ಲ. ಈ ಕಾರ್ಡ್ ಇರೋದು ಇಂಗ್ಲೆಂಡಲ್ಲೇ. ಅಲ್ಲಿ 1927ರಿಂದ ಲಂಡನ್ ಸಿಗರೇಟ್ ಕಾರ್ಡ್ ಕಂಪನಿ ಇದೆ, 1938ರಿಂದ ಈ ಕಾರ್ಡ್ ಸಂಗ್ರಹಿಸೋರ ಸಂಘ ಕಾರ್ಟೊಫಿಲಿಕ್ ಸೊಸೈಟಿ ಇದೆ. ಅವರ ಭಾಷೇಲಿ ಬಿಡಿ ಕಾರ್ಡಿಗೆ "ಆಡ್ಸ್" ಅಂತಾರೆ, ಈ ಪದ ಗೊತ್ತಿಲ್ದೆ ನಾನು ಎರಡು ವರ್ಷ ಪೂರ್ತಿ ಸೆಟ್ಟುಗಳ ರೇಟ್ ನೋಡಿ ಕೈಚೆಲ್ಲಿದ್ದೆ. ಡೀಲರಿಗೆ ಬರೆಯುವಾಗ ಕಂಪನಿ, ವರ್ಷ, ಆಟಗಾರನ ಹಿನ್ನೆಲೇಲಿ ಚಿತ್ರ ಇರೋದಾ ಇಲ್ದೇ ಇರೋದಾ, ಎಷ್ಟು ಸವೆದಿದ್ರೆ ನಡೆಯತ್ತೆ, ಇಷ್ಟೇ ಬರೀರಿ. ಚೆನ್ನಾಗಿ ಬರೆದ ಲಿಸ್ಟನ್ನ ಅವರು ಇಟ್ಕೊತಾರೆ, ಕಾರ್ಡ್ ಬಂದಾಗ ನೆನಪಿಸ್ಕೊಂಡು ಹೇಳ್ತಾರೆ, ನನಗೆ ಕೊನೆಗೆ ಸಿಕ್ಕಿದ್ದು ಹಂಗೇ.

ಆನ್‌ಲೈನ್ ಹರಾಜಲ್ಲಿ ರಣಜಿತ್‌ಸಿಂಹಜಿ ಅನ್ನೋ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಯಾರಿಗೂ ಸರಿಯಾಗಿ ಬರಲ್ಲ, ಅದೇ ನಮಗೆ ಲಾಭ. ಎಚ್ ಬಿಟ್ಟು, ಎಚ್ ಬದಲು ಜಿ ಹಾಕಿ, ಜೆ ಬಿಟ್ಟು, ಬರೀ ಪ್ರಿನ್ಸ್ ಅಂತ, ಬರೀ ಸಸೆಕ್ಸ್ ಅಂತ, ಎಲ್ಲ ಥರ ಹುಡುಕಿ ಅಲರ್ಟ್ ಇಟ್ಕೊಳಿ. ಅಲ್ಲಿ ಭಾನುವಾರ ರಾತ್ರಿ ಎಂಟಕ್ಕೆ ಮುಗಿಯೋ ಹರಾಜು ನಮಗೆ ಬೇಸಿಗೇಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ, ನಿದ್ದೆಗಣ್ಣಲ್ಲಿ ಬಿಡ್ ಏರಿಸ್ಕೊಂಡು ಹೋಗ್ಬೇಡಿ, ಸಂಜೇನೇ ನಿಮ್ಮ ಗರಿಷ್ಠ ಮೊತ್ತ ಹಾಕಿ ಮಲ್ಕೊಳಿ. ಆ ಮೊತ್ತದಲ್ಲಿ ಪೋಸ್ಟೇಜು, ಕಸ್ಟಮ್ಸು ಸೇರಿರ್ಲಿ. ಎರಡು ಗಟ್ಟಿ ರಟ್ಟಿನ ಮಧ್ಯೆ ಇಟ್ಟು ಟ್ರ್ಯಾಕಿಂಗ್ ಇರೋ ಪೋಸ್ಟಲ್ಲಿ ಕಳ್ಸಿ, ಕಾರ್ಡಿಗೆ ಟೇಪ್ ತಾಗಿಸ್ಬೇಡಿ ಅಂತ ಮುಂಚೆನೇ ಹೇಳಿ.

ಬಂದ ಮೇಲೆ ಒರೆಸೋಕೆ ಹೋಗ್ಬೇಡಿ, ಒದ್ದೆ ಬಟ್ಟೆ ಅಂತೂ ಬೇಡವೇ ಬೇಡ. ಬೆನ್ನಲ್ಲಿ ಹಳೇ ಆಲ್ಬಮ್ಮಿನ ಗೋಂದಿನ ಕಲೆ ಇದ್ರೆ ಇರ್ಲಿ ಬಿಡಿ. ಪಿವಿಸಿ ಇಲ್ಲದ ಪಾಲಿಪ್ರೊಪಿಲೀನ್ ಕವರಲ್ಲಿ ಹಾಕಿ, ಬಿಸಿಲು ಬೀಳದ ಕಡೆ ಇಡಿ, ಮಳೆಗಾಲದಲ್ಲಿ ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮಲೆನಾಡು ಕರಾವಳಿ ಕಡೆಯೋರು ಇನ್ನೂ ಹುಷಾರಾಗಿರ್ಬೇಕು, 1930ರ ದಶಕದ ಕೆಲವು ಪ್ಲೇಯರ್ಸ್ ಕಾರ್ಡುಗಳಿಗೆ ನಾಲಿಗೆ ತಾಗಿಸಿ ಅಂಟಿಸೋ ಗೋಂದು ಬೆನ್ನಲ್ಲೇ ಇರತ್ತೆ, ಆಷಾಢದ ಥಂಡಿಗೆ ಅದು ಪಕ್ಕದ ಕಾರ್ಡಿಗೆ ಅಂಟ್ಕೊಂಡು ಬಿಡತ್ತೆ. ಆಲ್ಬಮ್ ಶೀಟು ಎರಡೂ ಕಡೆ ಪಾರದರ್ಶಕ ಇರೋದೇ ತಗೊಳಿ, ಮನೆಗೆ ಬಂದೋರು ರಣಜಿ ಮುಖ ನೋಡಿದ ಮೇಲೆ ಶೀಟ್ ತಿರುಗಿಸಿ ಬೆನ್ನೂ ತೋರಿಸಬಹುದು.