ಹುಳಿ ಆಮೇಲೆ ಹಾಕಿ: ವಾರದ ದಿನಕ್ಕೆ ಒಂದೇ ಕುಕ್ಕರಿನ ಕಡಲೆಕಾಳು ಸ್ಟ್ಯೂ

ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟ್ಕೊಂಡು ರಾತ್ರಿ ಎಂಟು ಗಂಟೆಗೆ ಮನೆ ಸೇರೋರಿಗೆ ಸಾರಿಗೊಂದು ಪಾತ್ರೆ, ಪಲ್ಯಕ್ಕೊಂದು ಬಾಣಲೆ, ಮೇಲೊಂದು ಒಗ್ಗರಣೆ ಸೌಟು ಅಂತ ಇಟ್ಕೊಂಡು ನಿಲ್ಲೋ ಜೀವ ಇರಲ್ಲ, ಆಮೇಲೆ ಅಷ್ಟನ್ನೂ ತೊಳೀಬೇಕಲ್ಲ ಅನ್ನೋದು ಇನ್ನೊಂದು ತಲೆನೋವು. ನಮ್ಮನೇಲಿ ವಾರಕ್ಕೆ ಎರಡು ದಿನ ಒಂದೇ ಕುಕ್ಕರಲ್ಲಿ ಕಾಳು, ತರಕಾರಿ, ಸೊಪ್ಪು ಎಲ್ಲಾ ಸೇರಿಸಿ ಗಟ್ಟಿಯಾಗಿ ಒಂದು ಸ್ಟ್ಯೂ ಮಾಡ್ತೀವಿ. ಸಾಗು ಅನ್ನಿ, ಕೂಟು ಅನ್ನಿ, ಹೆಸರಲ್ಲೇನಿದೆ. ಹಾಲು, ಮೊಸರು, ತುಪ್ಪ ಯಾವ್ದೂ ಬೇಡ.

ನಾಲ್ಕು ಜನಕ್ಕೆ ಬೇಕಾಗಿರೋದು ಇಷ್ಟು: ಒಂದು ಕಪ್ ಕಡಲೆಕಾಳು (ಸುಮಾರು 200 ಗ್ರಾಂ), ದೊಡ್ಡ ಈರುಳ್ಳಿ ಒಂದು, ಟೊಮೇಟೊ ಎರಡು, ನವಿಲುಕೋಸು ಒಂದು, ಕ್ಯಾರೆಟ್ ಎರಡು, ಆಲೂಗಡ್ಡೆ ಒಂದು, ಸೀಮೆಬದನೆಕಾಯಿ ಒಂದು, ಸಬ್ಬಸಿಗೆ ಸೊಪ್ಪು ಸಣ್ಣ ಕಟ್ಟು. ಸೀಮೆಬದನೆಕಾಯಿನ ತಮಿಳಿನೋರು ಬೆಂಗಳೂರು ಕತ್ತಿರಿಕಾಯಿ ಅಂತಾರೆ, ನಮ್ಮೂರಿನ ಹೆಸರು ಹೊತ್ಕೊಂಡಿರೋ ತರಕಾರೀನ ನಾವೇ ಸಪ್ಪೆ ಅಂತ ಮೂಸಲ್ಲ, ಆದ್ರೆ ಇಂಥ ಅಡುಗೇಲಿ ಮಸಾಲೆ ಕುಡಿದು ಅದೇ ಎಲ್ಲಕ್ಕಿಂತ ರುಚಿ ಬರುತ್ತೆ. ರುಬ್ಬೋಕೆ ಅರ್ಧ ಕಪ್ ತೆಂಗಿನತುರಿ, ಎರಡು ಚಮಚ ಹುರಿಗಡಲೆ, ಒಂದು ಚಮಚ ಕೊತ್ತಂಬರಿ ಬೀಜ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಎರಡು ಹಸಿಮೆಣಸಿನಕಾಯಿ, ಆರೇಳು ಎಸಳು ಬೆಳ್ಳುಳ್ಳಿ, ಚೂರು ಶುಂಠಿ, ಚೂರು ಚಕ್ಕೆ, ಎರಡು ಲವಂಗ. ಬ್ಯಾಡಗಿ ಬಣ್ಣಕ್ಕೆ, ಅದ್ರಲ್ಲಿ ಖಾರ ಕಮ್ಮಿ, ಖಾರ ಬೇಕಾದೋರು ಹಸಿಮೆಣಸಿನಕಾಯಿ ಜಾಸ್ತಿ ಮಾಡ್ಕೊಳ್ಳಿ.

ಬೆಳಿಗ್ಗೆ ಆಫೀಸಿಗೆ ಹೊರಡೋ ಮುಂಚೆ

ಕಾಳು ತೊಳ್ದು ನಾಲ್ಕು ಕಪ್ ನೀರಲ್ಲಿ ನೆನೆಹಾಕಿ, ಅದಕ್ಕೆ ಒಂದು ಚಿಕ್ಕ ಚಮಚ ಉಪ್ಪು ಕದಡಿ. ಉಪ್ಪು ಹಾಕಿದ್ರೆ ಕಾಳು ಬೇಯಲ್ಲ ಅಂತ ಅಜ್ಜಿ ಕಾಲದಿಂದ ಕೇಳಿರ್ತೀವಿ, ನಾನೂ ನಂಬಿದ್ದೆ, ಆದ್ರೆ ನೆನೆಸೋ ನೀರಲ್ಲಿ ಉಪ್ಪಿದ್ರೆ ಸಿಪ್ಪೆ ಬೇಗ ಮೆತ್ತಗಾಗುತ್ತೆ, ಸಿಪ್ಪೇಲಿರೋ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂತ್ಕೊಳ್ಳುತ್ತೆ, ಅದಕ್ಕೆ. ಎಂಟು ಹತ್ತು ಗಂಟೆ ನೆನೆದ್ರೆ ಸಾಕು, ಸಂಜೆ ಆ ನೀರು ಚೆಲ್ಲಿ ಇನ್ನೊಂದ್ಸಲ ತೊಳೀರಿ.

ನೀರಿನ ವಿಷ್ಯ ಹೇಳ್ಲೇಬೇಕು. 2024ರ ಬೇಸಿಗೇಲಿ ನೀರಿಗೆ ಪರದಾಟ ಆಗಿತ್ತಲ್ಲ, ಆಗ ನಮ್ಮ ಬಿಲ್ಡಿಂಗಿಗೆ ಬರೀ ಟ್ಯಾಂಕರ್ ನೀರು, ಅದೂ ಬೋರ್‌ವೆಲ್ಲಿಂದು. ಹತ್ತು ವಿಷಲ್ ಕೂಗಿಸಿದ್ರೂ ಕಾಳು ಗೋಲಿ ಥರ ಉಳೀತು. ನಾನು ಪಾಪ ದಿನಸಿ ಅಂಗಡಿಯೋನು ಹಳೇ ಕಾಳು ಕೊಟ್ಟ ಅಂತ ಬೈಕೊಂಡೆ, ಆಮೇಲೆ ಅದೇ ಕಾಳನ್ನ ಕ್ಯಾನ್ ನೀರಲ್ಲಿ ಬೇಯಿಸಿದ್ರೆ ಬೆಣ್ಣೆ ಥರ ಬೆಂತು. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಗೋಡೆ ಹಿಡಿದಿಡೋ ಪೆಕ್ಟಿನ್ ಅನ್ನೋ ಅಂಟಿನ ಜೊತೆ ಸೇರ್ಕೊಂಡು ಅದನ್ನ ಇನ್ನೂ ಬಿಗಿ ಮಾಡುತ್ತೆ. ಹಾಗಾಗಿ ಬೋರ್ ನೀರಿನ ಮನೆಯೋರು ನೆನೆಸೋಕೂ ಬೇಯಿಸೋಕೂ ಕುಡಿಯೋ ನೀರೇ ಬಳಸಿ. ಸೋಡ ಹಾಕಿದ್ರೂ ಬೇಯುತ್ತೆ, ಆದ್ರೆ ಬಿ1 ವಿಟಮಿನ್ ಹಾಳಾಗುತ್ತೆ, ಜಾಸ್ತಿಯಾದ್ರೆ ಸೋಪಿನ ರುಚಿ ಬೇರೆ.

ಮನೆಗೆ ಬಂದ್ಮೇಲೆ

ಐದು ಲೀಟರ್ ಕುಕ್ಕರಿಗೆ ಎರಡು ಚಮಚ ಎಣ್ಣೆ, ಸಾಸಿವೆ ಚಟಪಟ ಅಂದ್ಮೇಲೆ ಕರಿಬೇವು, ಈರುಳ್ಳಿ. ಈರುಳ್ಳಿ ಬಾಡಿದ್ಮೇಲೆ ಕಾಳು, ಅರಿಶಿನ, ಮೂರು ಕಪ್ ನೀರು ಹಾಕಿ ಮುಚ್ಚಿ, ಐದಾರು ಕೂಗು ಕೂಗಿಸಿ, ಆಮೇಲೆ ಉರಿ ಸಣ್ಣ ಮಾಡಿ ಇನ್ನು ಹತ್ತು ನಿಮಿಷ. ಬರೀ ಪಾತ್ರೇಲಿ ಮಾಡ್ಬಹುದಾ ಅಂದ್ರೆ ಮಾಡ್ಬಹುದು, ಆದ್ರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಕುದಿಯೋದೇ 97 ಡಿಗ್ರಿ ಆಸುಪಾಸಲ್ಲಿ, ಕುಕ್ಕರ್ ಒಳಗೆ ಹತ್ತತ್ರ 120 ಮುಟ್ಟುತ್ತೆ. ಒಂದು ಗಂಟೆ ಕಾಯೋಷ್ಟು ಹಸಿವು ತಡೆಯೋರು ಪಾತ್ರೇಲಿ ಇಡಿ.

ಈ ಹೊತ್ತಲ್ಲಿ ಟೊಮೇಟೊ ಹಾಕ್ಬೇಡಿ, ಹುಣಸೆಹಣ್ಣಂತೂ ಬೇಡವೇ ಬೇಡ. ಒಂದೇ ಪಾತ್ರೆ ಅಡುಗೆ ಅಂದ್ರೆ ಎಲ್ಲಾ ಒಟ್ಟಿಗೆ ಸುರಿಯೋದು ಅಂತ ಅನ್ಕೊಂಡೇ ಮುಕ್ಕಾಲು ಪಾಲು ಜನ ಕೆಡಿಸ್ಕೊಳ್ಳೋದು. ಹುಳಿ ಬಿತ್ತು ಅಂದ್ರೆ ಕಾಳಿನ ಗೋಡೆ ಕರಗೋದು ನಿಧಾನ ಆಗುತ್ತೆ, ಆಮೇಲೆ ಎಷ್ಟು ಕೂಗಿಸಿದ್ರೂ ಒಳಗೆ ಕಟಕಟ ಅನ್ನುತ್ತೆ.

ಕುಕ್ಕರ್ ತಣ್ಣಗಾಗೋ ಹೊತ್ತಿಗೆ ಮಸಾಲೆ ನುಣ್ಣಗೆ ರುಬ್ಕೊಳ್ಳಿ, ತರಕಾರಿ ದಪ್ಪದಪ್ಪ ಹೆಚ್ಕೊಳ್ಳಿ, ಸಣ್ಣ ಹೆಚ್ಚಿದ್ರೆ ಕರಗೋಗುತ್ತೆ. ಮುಚ್ಚಳ ತೆಗೆದು ಒಂದು ಕಾಳು ಬೆರಳಲ್ಲಿ ಅದುಮಿ ನೋಡಿ, ಹಿಟ್ಟಿನ ಥರ ಅಪ್ಪಚ್ಚಿ ಆಗ್ಬೇಕು, ಆಗದಿದ್ರೆ ಮುಂದಕ್ಕೆ ಹೋಗ್ಬೇಡಿ, ಇನ್ನೆರಡು ಕೂಗು. ಆಯ್ತಾ, ಈಗ ತರಕಾರಿ, ಟೊಮೇಟೊ, ಉಪ್ಪು ಹಾಕಿ ಒಂದೇ ಒಂದು ಕೂಗು.

ಮಸಾಲೆ ಹಾಕೋದು ಅದಾದ್ಮೇಲೆ, ಮುಚ್ಚಳ ಇಲ್ದೆ. ತೆಂಗಿನಕಾಯಿ ಹುರಿಗಡಲೆ ರುಬ್ಬಿದ್ದನ್ನ ಕುಕ್ಕರಲ್ಲಿ ಮುಚ್ಚಿ ಕೂಗಿಸಿದ್ರೆ ತಳ ಹಿಡಿಯೋದು ಗ್ಯಾರಂಟಿ. ಒಂದು ಕಪ್ ನೀರಲ್ಲಿ ಜಾರ್ ತೊಳೆದು ಆ ನೀರನ್ನೂ ಸೇರಿಸಿ, ಏಳೆಂಟು ನಿಮಿಷ ಕೈಯಾಡಿಸ್ತಾ ಕುದಿಸಿ, ಹಸಿವಾಸನೆ ಹೋಗ್ಬೇಕು. ಹುರಿಗಡಲೆ ತಾನೇ ಗಟ್ಟಿ ಮಾಡುತ್ತೆ, ಕ್ರೀಮು ಗೀಮು ಬೇಕಾಗಲ್ಲ, ಸಾಲ್ದು ಅನ್ಸಿದ್ರೆ ಸೌಟಲ್ಲಿ ನಾಲ್ಕು ಕಾಳು ಹಿಸುಕಿ. ಕೊನೇಲಿ ಸಬ್ಬಸಿಗೆ ಹಾಕಿ ಎರಡು ನಿಮಿಷ, ಒಲೆ ಆರಿಸಿ ಅರ್ಧ ನಿಂಬೆಹಣ್ಣು ಹಿಂಡಿ. ನಮ್ಮತ್ತೆ ಒಂದು ಚಮಚ ತುಪ್ಪ ಹಾಕಿದ್ರೆ ಏನಾಗುತ್ತಮ್ಮ ಅಂತ ಪ್ರತಿಸಲ ಕೇಳ್ತಾರೆ, ಅವ್ರ ಬಟ್ಟಲಿಗೆ ಕೊಬ್ಬರಿ ಎಣ್ಣೆ ಒಂದು ಚಮಚ ಬಿಡ್ತೀನಿ, ಸುಮ್ನಾಗ್ತಾರೆ.

ಜಿಮ್ಮಿಗೆ ಹೋಗೋ ನನ್ನ ತಮ್ಮನ ಪ್ರಶ್ನೆ ಬೇರೆ, ಪ್ರೋಟೀನ್ ಎಷ್ಟು ಅಂತ. 100 ಗ್ರಾಂ ಒಣ ಕಡಲೆಕಾಳಲ್ಲಿ 20 ಗ್ರಾಂ ಹತ್ರ ಇರುತ್ತೆ, ಅಂದ್ರೆ ಕಾಳಿಂದಲೇ ತಲೆಗೆ ಹತ್ತು ಗ್ರಾಂ ಸಿಗುತ್ತೆ, ಅವನು ಎರಡು ಸಲ ಬಡಿಸ್ಕೊಳ್ತಾನೆ.

ನೆನೆಹಾಕೋದು ಮರೆತ್ರೆ ಹೆಸರುಕಾಳು ಹಾಕಿ, ನೆನೆಸದೇನೂ ಬೇಯುತ್ತೆ. ಡಿಸೆಂಬರ್ ಜನವರೀಲಿ ಮಾತ್ರ ಕಡಲೆಕಾಳು ಮುಟ್ಟಬೇಡಿ, ಬೆಂಗಳೂರಿನ ಅವರೆ ಮೇಳದ ಟೈಮು, ಸೊಗಡು ಇರೋ ಹಸಿ ಅವರೆಕಾಳು ಎರಡು ಕೂಗಿಗೆ ಬೇಯುತ್ತೆ, ಸಬ್ಬಸಿಗೆ ಜೊತೆ ಅದಕ್ಕೆ ಹುಟ್ಟುಜೋಡಿ. ರಾಜ್ಮಾ ಹಾಕೋರು ಒಂದು ನೆನಪಿಡಿ, ಅರೆಬೆಂದ ರಾಜ್ಮಾದಲ್ಲಿ ವಾಂತಿ ಭೇದಿ ಮಾಡಿಸೋ ವಿಷದಂಶ ಇರುತ್ತೆ, ನೆನೆಸಿದ ನೀರು ಚೆಲ್ಲಿ ಕುಕ್ಕರಲ್ಲೇ ಪೂರ್ತಿ ಬೇಯಿಸಿ, ಸಣ್ಣ ಉರೀಲಿ ಗಂಟೆಗಟ್ಟಲೆ ಬೇಯಿಸೋ ಎಲೆಕ್ಟ್ರಿಕ್ ಸ್ಲೋ ಕುಕ್ಕರಿಗೆ ಹಸೀದು ನೇರ ಹಾಕ್ಬೇಡಿ.

ಅನ್ನ, ಮುದ್ದೆ, ಚಪಾತಿ, ಬೇಕರಿ ಬ್ರೆಡ್ ಯಾವ್ದಕ್ಕಾದ್ರೂ ಆಗುತ್ತೆ, ನನ್ನ ಓಟು ಮುದ್ದೆಗೆ. ಮಿಕ್ಕಿದ್ದನ್ನ ಫ್ರಿಜ್ಜಲ್ಲಿಟ್ರೆ ಬೆಳಿಗ್ಗೆಗೆ ಕಲ್ಲಾಗಿರುತ್ತೆ, ಅರ್ಧ ಲೋಟ ಬಿಸಿನೀರು ಹಾಕಿ ಸಣ್ಣ ಉರೀಲಿ ಕುದಿಸಿ, ಉಪ್ಪು ಇನ್ನೊಂದ್ಸಲ ನೋಡಿ ಡಬ್ಬಿಗೆ ತುಂಬಿ.